ನೋವಿಗೆ ಹತ್ತರಲ್ಲಿ ಎಷ್ಟು?

ಮೊನ್ನೆ ಆದಿತ್ಯವಾರ ಮಲಗುವ ಕೋಣೆಯ ಬಾಗಿಲಿನ ಪರದೆ ಒಗೆಯಬೇಕೆಂದು ಸ್ಟೂಲು ಹತ್ತಿದೆ. ಬಲಗೈ ಸರಾಗವಾಗಿ ಮೇಲೆ ಹೋಯಿತು. ಎಡಗೈ ಕಿವಿಯ ಮಟ್ಟಕ್ಕೆ ಬಂದು, ಇನ್ನು ಮುಂದೆ ನನ್ನಿಂದಾಗದು ಎಂದು ನಿಂತುಬಿಟ್ಟಿತು. ಎಲ್ಲಿ ಬೀಳುತ್ತೇನೋ ಎಂದು ಬಲಗೈಯಿಂದ ಸಿಕ್ಕಿದ್ದನ್ನು ಹಿಡಿದುಕೊಂಡೆ. ಸಿಕ್ಕಿದ್ದು ಬಾಗಿಲ ಚೌಕಟ್ಟಿನ ಕೊಕ್ಕೆಯಿಂದ ಇಳಿಬಿಟ್ಟ ಹಗ್ಗ. ಮೇಲೆ ಒಂದು ಪುಟ್ಟ ರಾಟೆ, ಅದರಲ್ಲಿ ಮಾಸಿದ ಹಸಿರು ಬಣ್ಣದ ಬಲೆಯ ಹಗ್ಗ. ನಾಲ್ಕು ವರ್ಷದಿಂದ ಅದರ ಮೇಲೆ ಒದ್ದೆ ಟವೆಲು, ಕೊಡೆ, ತರಕಾರಿ ಚೀಲ ಎಲ್ಲ ನೇತುಹಾಕಿ, ಅದು ಹಗ್ಗವೆಂಬುದೇ ನನಗೆ ಮರೆತುಹೋಗಿತ್ತು. ಮೂಗಿನ ಹತ್ತಿರ ತಂದು ನೋಡಿದೆ. ನೀವು ನಗಬಹುದು, ಆದರೆ ವಾಸನೆ ಇನ್ನೂ ಇದೆ: ಉಪ್ಪು, ಒಣಗಿದ ಮೀನು, ಒಂದಿಷ್ಟು ದೋಣಿಯ ಡೀಸೆಲ್ಲು. ಸ್ಟೂಲಿನ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಪರದೆ ಈಗಲೂ ಅಲ್ಲೇ ಇದೆ.

ನಾಲ್ಕು ವರ್ಷದ ಹಿಂದೆ ಇದೇ ಆಟ ಬಲಹೆಗಲಿನಲ್ಲಿ ನಡೆದಿತ್ತು. ಫ್ರೋಜನ್ ಶೋಲ್ಡರ್ ಎಂದರು ಎಲುಬಿನ ಡಾಕ್ಟರು. ಹೆಪ್ಪುಗಟ್ಟಿದ ಹೆಗಲು! ಬಂದರಿನಿಂದ ಮನೆ ತಲಪುವಷ್ಟರಲ್ಲಿ ಮೀನಿನ ಮೇಲಿನ ಮಂಜುಗಡ್ಡೆ ನೀರಾಗುವ ಊರು ನಮ್ಮದು. ಅದರಲ್ಲೂ ಏಪ್ರಿಲ್ ತಿಂಗಳು, ಫ್ಯಾನಿನ ಕೆಳಗೆ ಕುಳಿತವರ ಬೆನ್ನಿನಲ್ಲೂ ಬೆವರು. ಅಂಥ ಸೆಕೆಯಲ್ಲಿ ಇಡೀ ಮಂಗಳೂರಿನಲ್ಲಿ ಹೆಪ್ಪುಗಟ್ಟಲು ಬೇರೇನೂ ಸಿಗದೆ ನನ್ನ ಹೆಗಲೇ ಆಗಬೇಕಿತ್ತೇ ಎಂದು ನನಗೆ ಮೊದಲು ನಗುವೇ ಬಂತು. ನಗುವಾಗ ಹೆಗಲು ಕುಲುಕಿ ಪ್ರಾಣ ಹೋದ ಹಾಗಾಯಿತು. ಆಮೇಲೆ ನಗುವುದನ್ನು ಕಡಿಮೆ ಮಾಡಿದೆ.

ಅದು ಬರುವುದೇ ಕಳ್ಳಹೆಜ್ಜೆಯಲ್ಲಿ. ಮೊದಲು ತಲೆ ಬಾಚುವಾಗ ಒಂದು ಚುಳುಕು. ಆಮೇಲೆ ಜಡೆ ಹಾಕಲಾಗದೆ ಒಂದು ಗಂಟು. ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲಾಗದೆ, ಸೀಟು ಸಿಗುವ ಬಸ್ಸಿಗಾಗಿ ಕಾಯುವುದು. ನಾನು ಬೋಳಾರದ ಹತ್ತಿರ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಬೋರ್ಡಿನ ಮೇಲಿನ ಬಲಮೂಲೆಯಲ್ಲಿ ದಿನಾಂಕ ಬರೆದಲ್ಲದೆ ಪಾಠ ಶುರುಮಾಡಿದವಳಲ್ಲ. ಆ ವರ್ಷ ದಿನಾಂಕ ವಾರ ವಾರಕ್ಕೆ ಕೆಳಗಿಳಿಯುತ್ತ ಬಂತು. ಮೊದಲು ಒಂದು ಗೇಣು, ಆಮೇಲೆ ಎರಡು. ಕೊನೆಗೊಂದು ದಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನೀವು ಅಷ್ಟು ಕೆಳಗೆ ಬರೆದರೆ ಹಿಂದಿನವರಿಗೆ ಎಂತದೂ ಕಾಣುದಿಲ್ಲ" ಎಂದಳು. ಹೆಡ್‌ಮಾಸ್ಟರು ಒಳ್ಳೆಯವರು. ನನ್ನನ್ನು ಕರೆದು ಮೆತ್ತಗೆ ಹೇಳಿದರು: "ಜೂನಿನೊಳಗೆ ಕೈ ಸರಿಯಾಗದಿದ್ದರೆ ತಲೆಬಿಸಿ ಮಾಡ್ಬೇಡಿ ಟೀಚರ್. ಕ್ಲಾಸು ಬೇರೆಯವರಿಗೆ ಕೊಡುವ. ನೀವು ಲೈಬ್ರರಿ, ಬಿಸಿಯೂಟದ ಪುಸ್ತಕ ನೋಡಿಕೊಂಡಿರಿ." ಅವರು ಹೇಳಿದ್ದು ಕಾಳಜಿಯಿಂದಲೇ. ಆದರೆ ಇಪ್ಪತ್ತಾರು ವರ್ಷ ಬೋರ್ಡಿನ ಮುಂದೆ ನಿಂತವಳಿಗೆ ಅದು ಹೇಗೆ ಕೇಳಿಸಿತು ಎಂದು ನಾನು ಹೇಳಬೇಕಾಗಿಲ್ಲ. ಅಂದು ಟೀಚರುಗಳ ಕೋಣೆಗೆ ಹೋಗದೆ ನೀರಿನ ಟ್ಯಾಂಕಿಯ ಹಿಂದೆ ನಿಂತು ಅತ್ತೆ.

ಮನೆಗೆ ಬಂದರೆ ಹೇಳಿಕೊಳ್ಳಲು ಯಾರಿದ್ದರು? ಮಗಳು ಮದುವೆಯಾಗಿ ಬೇರೆ ಊರಿನಲ್ಲಿ. ನಮ್ಮವರು ಮಸ್ಕತ್ತಿನಲ್ಲಿ, ದೊಡ್ಡ ಕಟ್ಟಡಗಳ ಏಸಿ ರಿಪೇರಿಯ ಕೆಲಸ. ಪ್ರತಿ ಶುಕ್ರವಾರ ಮಧ್ಯಾಹ್ನ ಫೋನು. "ಕೈ ಹೇಗುಂಟು?" ಎಂದು ಕೇಳುತ್ತಾರೆ. ನಮ್ಮ ಮನೆಮಾತು ತುಳು. "ದಾಲ ಇಜ್ಜಿ" ಎನ್ನುತ್ತೇನೆ. ಏನೂ ಇಲ್ಲ ಎಂದು ಅರ್ಥ. "ನಿಮಗೆ ಹೇಗುಂಟು?" ಎಂದು ನಾನು ಕೇಳಿದರೆ ಅತ್ತಲಿಂದಲೂ ಅದೇ, "ದಾಲ ಇಜ್ಜಿ." ಅವರು ಹೋಗಿ ಆಗ ಹದಿನೆಂಟು ವರ್ಷ. ಅಷ್ಟು ವರ್ಷದ ನಮ್ಮ ಸಂಸಾರ ಹೆಚ್ಚುಕಡಿಮೆ ಈ ಎರಡು ಶಬ್ದಗಳ ಮೇಲೆಯೇ ನಡೆದಿದೆ. ಸುಳ್ಳು ಎಂದು ಇಬ್ಬರಿಗೂ ಅನಿಸಿದ್ದಿಲ್ಲ, ಅದು ಒಂದು ಮರ್ಯಾದೆ ಎಂದೇ ತಿಳಿದಿದ್ದೆವು.

ಡಾಕ್ಟರು ಕಳಿಸಿದ್ದು ಫಿಸಿಯೋಥೆರಪಿಗೆ. ಬೋಳಾರದಲ್ಲೇ, ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ಆ ಜಾಗ. ಎರಡು ಮಂಚ, ನಡುವೆ ಒಂದು ನೀಲಿ ಪರದೆ, ಗೋಡೆಯಲ್ಲಿ ಬೆರಳಿನಿಂದ ಹತ್ತಲು ಒಂದು ಮರದ ಏಣಿ, ಮತ್ತೆ ಒಂದು ಕಿಟಕಿ. ಕಿಟಕಿಯಾಚೆ ತೆಂಗಿನ ತಲೆಗಳ ಸಂದಿನಲ್ಲಿ ನದಿ. ನಡೆಸುತ್ತಿದ್ದವಳು ಶ್ರುತಿ ಎಂಬ ಮಗಳ ಪ್ರಾಯದ ಹುಡುಗಿ, ಹಾಸನದ ಕಡೆಯವಳು. ಅವಳಿಗೆ ತುಳು ಬಾರದ್ದರಿಂದ ಅಲ್ಲಿ ಎಲ್ಲರ ನೋವೂ ಕನ್ನಡದಲ್ಲೇ ಹೊರಬರಬೇಕಿತ್ತು.

ಮೊದಲು ಹೆಗಲಿಗೆ ಬಿಸಿ ಕೊಡುತ್ತಿದ್ದಳು. ಕುದಿಯುವ ನೀರಿನಿಂದ ಎತ್ತಿದ ಒಂದು ಭಾರದ ಚೀಲವನ್ನು ಟವೆಲಿನಲ್ಲಿ ಸುತ್ತಿ ಹೆಗಲ ಮೇಲಿಟ್ಟು, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿಕೊಂಡಿರಿ ಎನ್ನುತ್ತಿದ್ದಳು. ಆ ಇಪ್ಪತ್ತು ನಿಮಿಷಗಳನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಒದ್ದೆ ಬಟ್ಟೆಯ, ಬಿಸಿ ಮಣ್ಣಿನ ಒಂದು ವಾಸನೆ. ಎಲುಬಿನ ಒಳಗೆ ಯಾರೋ ಮೆಲ್ಲಗೆ ದೀಪ ಹಚ್ಚಿದ ಹಾಗೆ. ನದಿಯ ಮೇಲಿನ ಬೆಳಕು ತಲೆಯ ಮೇಲಿನ ಮಾಡಿನ ಹಲಗೆಗಳಿಗೆ ಬಿದ್ದು ಅಲುಗುತ್ತಿರುತ್ತದೆ, ದೂರದಲ್ಲಿ ದೋಣಿಯ ಎಂಜಿನು ಟುಕುಟುಕು ಎನ್ನುತ್ತ ಹತ್ತಿರ ಬಂದು ಮತ್ತೆ ದೂರ ಹೋಗುತ್ತದೆ. ಮಂಚವೇ ನೀರಿನ ಮೇಲೆ ಹೋಗುತ್ತಿದೆಯೋ ಎನಿಸುತ್ತದೆ. ಎಲ್ಲಿಗೆ ಎಂದು ಕೇಳಬೇಕೆಂದೂ ಅನಿಸುವುದಿಲ್ಲ. ಆಮೇಲೆ ಚೀಲ ತೆಗೆದು ಚರ್ಮಕ್ಕೆ ಅಂಟುವ ಕರೆಂಟಿನ ಬಿಲ್ಲೆಗಳು. ಇರುವೆ ಹರಿದ ಹಾಗೆ ಒಂದಿಷ್ಟು ಜುಮುಜುಮು. ಅಲ್ಲಿಯವರೆಗೆ ಸ್ವರ್ಗ.

ಅದರ ನಂತರ ಶ್ರುತಿ ಕೈ ಹಿಡಿದು ಎತ್ತುತ್ತಿದ್ದಳು. ಎತ್ತುವ ಮೊದಲು ಕೇಳುತ್ತಿದ್ದಳು: "ಮೇಡಂ, ಈಗ ನೋವು ಹತ್ತರಲ್ಲಿ ಎಷ್ಟು? ಒಂದು ಅಂದ್ರೆ ಸುಮ್ನೆ, ಹತ್ತು ಅಂದ್ರೆ ತಡೆಯೋಕೇ ಆಗಲ್ಲ."

ನೋಡಿ, ಅವಳು ಇದನ್ನು ಯಾರಲ್ಲಿ ಕೇಳುತ್ತಿದ್ದಳು ಎಂದು. ಹತ್ತರಲ್ಲಿ ಎಷ್ಟು ಎಂದು ಬರೆದೇ ಮುದುಕಿಯಾಗುತ್ತಿರುವವಳಲ್ಲಿ. ನನ್ನ ಕೈಯಿಂದ ಪ್ರಬಂಧಕ್ಕೆ ಹತ್ತಕ್ಕೆ ಹತ್ತು ಪಡೆದ ಮಗು ಇನ್ನೂ ಹುಟ್ಟಿಲ್ಲ. ಎಂಟು ಕೊಡಬೇಕಾದರೆ ಅಕ್ಷರ ಮುತ್ತಿನಂತಿರಬೇಕು, ಒತ್ತು ದೀರ್ಘ ಒಂದೂ ತಪ್ಪಿರಬಾರದು. ನನ್ನ ನೋವನ್ನೂ ನಾನು ಹಾಗೆಯೇ ತಿದ್ದಲು ಕುಳಿತೆ. ಹೆರಿಗೆಯ ನೋವು ನೆನಪಿಸಿಕೊಂಡೆ, ಅದಕ್ಕೆ ಎಂಟು. ತಾಯಿ ತೀರಿಹೋದ ದಿನದ್ದಕ್ಕೆ ಒಂಬತ್ತು. ಇನ್ನು ಈ ಒಂದು ಹೆಗಲಿಗೆ? "ನಾಲ್ಕು" ಎಂದೆ. ಜುಜುಬಿ ಹೆಗಲಿಗೆ ಅದೇ ಹೆಚ್ಚಾಯಿತು ಎಂದು ಒಳಗೊಳಗೆ ಅನಿಸಿತು ಕೂಡ.

ಪಕ್ಕದ ಮಂಚದಲ್ಲಿ, ನೀಲಿ ಪರದೆಯ ಆಚೆ, ಗುಲಾಬಿಯಕ್ಕ ಇದ್ದರು. ನದಿಯಾಚೆಯ ಬೆಂಗ್ರೆಯವರು. ದಿನಾ ಬೆಳಿಗ್ಗೆ ಫೆರಿ ದೋಣಿಯಲ್ಲಿ ದಾಟಿ ಬಂದು, ಬಂದರಿನಲ್ಲಿ ಮೀನು ತೆಗೆದುಕೊಂಡು, ಬುಟ್ಟಿ ತಲೆಯ ಮೇಲಿಟ್ಟು ನಮ್ಮ ಕೇರಿಗಳಲ್ಲಿ ಮಾರುತ್ತಿದ್ದವರು. ಬುಟ್ಟಿಯನ್ನು ಹಿಡಿಯುವ ಕೈಯೇ ಮೇಲೇಳದೆ ಎರಡು ತಿಂಗಳಿಂದ ಮನೆಯಲ್ಲಿದ್ದರು. ಅವರಿಗೂ ಅದೇ ಪ್ರಶ್ನೆ ಬಂತು. ಪರದೆಯಾಚೆಯಿಂದ ನನಗೆ ಕೇಳಿಸಿದ್ದು ಹೀಗೆ:

"ಗುಲಾಬಿಯಮ್ಮ, ನೋವು ಹತ್ತರಲ್ಲಿ ಎಷ್ಟು?"

"ಹನ್ನೆರಡು."

"ಹತ್ತರ ಒಳಗೆ ಹೇಳ್ಬೇಕು."

"ಹಾಗಾದ್ರೆ ಹತ್ತು."

"ಹತ್ತಾ? ಹತ್ತು ಆದ್ರೆ ಮಾತಾಡೋಕೂ ಆಗಲ್ವಲ್ಲ."

"ಆಯ್ತು ಮಾರಾಯ್ತಿ, ಒಂಬತ್ತು ಮಾಡಿ."

"ಏಳು ಅಂತ ಬರ್ಕೊಳ್ಲಾ?"

"ಏಳಕ್ಕೆ ಆಗುದಿಲ್ಲ. ಎಂಟು. ಎಂಟಕ್ಕಿಂತ ಕೆಳಗೆ ನಾನು ಕೊಡುದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಇಡೀ ಜನ್ಮ ಬಂಗುಡೆ, ಬೂತಾಯಿ ಮಾರಿದವರು ನೋವಿಗೂ ಚೌಕಾಶಿ ಮಾಡುತ್ತಿದ್ದಾರಲ್ಲ ಎಂದುಕೊಂಡೆ. ಓದಿದವಳೆಂಬ ಜಂಬವೂ ಸ್ವಲ್ಪ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಶ್ರುತಿ ಆ ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಅದರಂತೆಯೇ ನಡೆಯುವವಳು. ಎಂಟು ಎಂದವರಿಗೆ ಬಿಸಿ ಇನ್ನೊಂದು ಹತ್ತು ನಿಮಿಷ, ಮಾತ್ರೆಯನ್ನು ಮೊದಲೇ ತೆಗೆದುಕೊಂಡು ಬರಲು ಸೂಚನೆ, ಎಳೆತ ಕೂದಲೆಳೆಯಷ್ಟು. ಡಾಕ್ಟರಿಗೆ ಹೇಳಿ ಗುಲಾಬಿಯಕ್ಕನಿಗೆ ಬೆನ್ನಿನ ರೆಕ್ಕೆಯೆಲುಬಿನ ಹತ್ತಿರ ನರ ಮರಗಟ್ಟಿಸುವ ಒಂದು ಇಂಜೆಕ್ಷನನ್ನೂ ಕೊಡಿಸಿದಳು. ನಾಲ್ಕು ಎಂದವಳಿಗೆ? ನಾಲ್ಕಕ್ಕೆ ತಕ್ಕಂತೆ. ಮೊದಲ ವಾರ ಹಲ್ಲು ಕಚ್ಚಿದೆ. ಎರಡನೆಯ ವಾರ ಸೀರೆಯ ಸೆರಗು ಕಚ್ಚಿದೆ. "ನೋವಾದ್ರೆ ಸಾಕು ಅನ್ನಿ ಮೇಡಂ, ಅಲ್ಲೇ ನಿಲ್ಲಿಸ್ತೀನಿ" ಎಂದು ಪ್ರತಿಸಲ ಹೇಳುತ್ತಿದ್ದಳು. ನನ್ನ ಬಾಯಿಯಿಂದ ಸಾಕು ಎಂಬ ಶಬ್ದ ಬರಲಿಲ್ಲ. ಮೂರನೆಯ ವಾರ ಅವಳು, "ನಾಲ್ಕೇ ಇದೆಯಲ್ಲ, ಇವತ್ತು ಸ್ವಲ್ಪ ಮುಂದಕ್ಕೆ ಹೋಗೋಣ್ವಾ?" ಎಂದಳು. ನಾನು ಹೂಂ ಎಂದೆ. ಕೈ ಕಿವಿ ದಾಟಿದ್ದು ಗೊತ್ತು. ಆಮೇಲೆ ಮಾಡಿನ ಮೇಲಿನ ಬೆಳಕೆಲ್ಲ ಒಮ್ಮೆಲೇ ಆರಿತು.

ಕಣ್ಣು ಬಿಟ್ಟಾಗ ಶ್ರುತಿ ಅಳುತ್ತಿದ್ದಳು. ನನ್ನ ಕಾಲ ಕೆಳಗೆ ದಿಂಬಿಟ್ಟು ಮುಖಕ್ಕೆ ನೀರು ಚಿಮುಕಿಸುತ್ತಿದ್ದವರು ಗುಲಾಬಿಯಕ್ಕ. ಆ ಮೇಲಿನ ಒಂದು ವಾರ ನಾನು ಕೈ ಅಲುಗಿಸಲಿಲ್ಲ, ಮಾಳಿಗೆಯ ಮೆಟ್ಟಿಲು ಹತ್ತಲೂ ಇಲ್ಲ. ಶುಕ್ರವಾರ ಫೋನಿನಲ್ಲಿ "ದಾಲ ಇಜ್ಜಿ" ಎಂದೆ. ಇನ್ನು ಆ ಜಾಗಕ್ಕೆ ಹೋಗುವುದಿಲ್ಲ, ಬೋರ್ಡು ಬೇಡ, ಬಿಸಿಯೂಟದ ಪುಸ್ತಕವೇ ಸಾಕು ಎಂದು ತೀರ್ಮಾನಿಸಿದ್ದೆ.

ಒಂದು ಬೆಳಿಗ್ಗೆ ಗೇಟಿನಲ್ಲಿ ಗುಲಾಬಿಯಕ್ಕ ನಿಂತಿದ್ದರು. ಬುಟ್ಟಿ ಇಲ್ಲ, ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಚಾವಡಿಯಲ್ಲಿ ಕುಳಿತು, ಚಾ ಬೇಡ ನೀರು ಕೊಡಿ ಎಂದು ಕುಡಿದು, ನೇರ ವಿಷಯಕ್ಕೆ ಬಂದರು.

"ಟೀಚರೇ, ನಿಮಗೆ ನಿಜವಾಗಿ ಎಷ್ಟು ಇತ್ತು ಅವತ್ತು?"

"ಎಂಟೋ ಒಂಬತ್ತೋ ಇರಬೇಕು ಗುಲಾಬಿಯಕ್ಕ."

"ಮತ್ತೆ ನಾಲ್ಕು ಅಂತ ಯಾಕೆ ಹೇಳಿದ್ದು? ಆ ಹುಡುಗಿ ಎರಡು ದಿನ ಊಟ ಮಾಡ್ಲಿಲ್ಲ ಗೊತ್ತುಂಟಾ? ನಾನು ಹಾಳಾದ ಮೀನನ್ನು ತಾಜಾ ಅಂತ ಕೊಟ್ರೆ ನೀವು ನನ್ನನ್ನು ಬಿಡ್ತೀರಾ? ನೀವು ಅವಳಿಗೆ ಕೊಟ್ಟದ್ದು ಅದನ್ನೇ."

"ನೀವು ಚೌಕಾಶಿ ಮಾಡುದಲ್ವಾ? ನಾನು ಪರದೆಯ ಈಚೆ ನಗಾಡ್ತಾ ಇದ್ದೆ" ಎಂದೆ.

"ಮಾಡ್ತೇನೆ. ಹತ್ತು ಅಂದ್ರೆ ಅಲ್ವಾ ಅವರು ಎಂಟಕ್ಕೆ ಕೇಳುದು? ನಂದು ಇದ್ದದ್ದೇ ಎಂಟು. ನೀವು ಮೊದಲೇ ನಾಲ್ಕು ಅಂದ್ರೆ ಅವಳು ಎಲ್ಲಿಂದ ಕೇಳ್ಬೇಕು?" ಎಂದವರು ಸ್ವಲ್ಪ ಮೆತ್ತಗಾಗಿ, "ನೋವನ್ನು ಅಡಗಿಸಿ ಇಟ್ರೆ ಯಾರು ಮಾಲೆ ಹಾಕ್ತಾರೆ ಮಾರಾಯ್ತಿ?" ಎಂದರು.

ತೊಟ್ಟೆಯಲ್ಲಿ ಇದ್ದದ್ದು ಈ ಹಸಿರು ಹಗ್ಗ. ರಾಟೆ ತಂದು ಮನೆಯಲ್ಲೂ ಎಳೆಯಿರಿ, ಒಳ್ಳೆಯ ಕೈ ಇಳಿದಂತೆ ನೋವಿನ ಕೈ ಮೇಲೇರುತ್ತದೆ ಎಂದು ಶ್ರುತಿ ಹೇಳಿದ್ದು ಅವರಿಗೆ ಪರದೆಯಾಚೆ ಕೇಳಿಸಿತ್ತು. ಅಂಗಡಿಯ ಹಗ್ಗ ಅಂಗೈಯನ್ನು ಕೊಯ್ಯುತ್ತದೆಂದು ಮಗನ ಬಲೆಯ ಹಗ್ಗ ಕತ್ತರಿಸಿ ತಂದಿದ್ದರು. ಎಳೆಯುವುದು ಹೇಗೆಂದು ಚಾವಡಿಯಲ್ಲೇ ನಿಂತು ತೋರಿಸಿದರು. ಅವರ ಅಪ್ಪನ ಕಾಲದಲ್ಲಿ ಬೆಂಗ್ರೆಯ ದಡದಲ್ಲಿ ಕೈರಂಪಣಿ ಎಂಬ ದೊಡ್ಡ ಬಲೆಯನ್ನು ಊರಿನವರೆಲ್ಲ ಸಾಲಾಗಿ ನಿಂತು ಎಳೆಯುತ್ತಿದ್ದರಂತೆ. ಹೆಂಗಸರು ಮಕ್ಕಳೂ ಹಗ್ಗ ಹಿಡಿಯುತ್ತಿದ್ದರಂತೆ.

"ತೆರೆ ಈಚೆ ಬರುವಾಗ ಬಲೆ ತಾನಾಗಿ ಬರ್ತದೆ, ಆಗ ಎಳಿಬೇಕು. ತೆರೆ ಹಿಂದೆ ಹೋಗುವಾಗ ಎಳಿಬಾರ್ದು. ಬಿಡ್ಲಿಕ್ಕೂ ಇಲ್ಲ. ಹಿಡ್ಕೊಂಡು ಸುಮ್ಮನೆ ನಿಲ್ಲುದು. ಅಪ್ಪ ಹೇಳ್ತಾ ಇದ್ರು, ಸಮುದ್ರದ ಹತ್ರ ಜಗಳ ಮಾಡ್ಬೇಡ, ಅದರ ಉಸಿರು ನೋಡು ಅಂತ."

ಮಾರನೆಯ ದಿನ ಇಬ್ಬರೂ ಒಟ್ಟಿಗೆ ಮಾಳಿಗೆ ಹತ್ತಿದೆವು. ನಾನು ಶ್ರುತಿಯ ಕೈ ಹಿಡಿದು, "ಎಂಟು" ಎಂದೆ. ಆ ಒಂದು ಶಬ್ದ ಹೇಳಲು ನನ್ನ ಗಂಟಲು ಪಟ್ಟ ಕಷ್ಟ ಹೆಗಲು ಕೂಡ ಪಟ್ಟಿರಲಿಲ್ಲ. ಹೇಳಿದ ಮೇಲೆ ನೋವು ಏಳಕ್ಕೆ ಇಳಿದ ಹಾಗೆ ಅನಿಸಿತು, ಅವಳು ಇನ್ನೂ ನನ್ನನ್ನು ಮುಟ್ಟಿಯೇ ಇರಲಿಲ್ಲ. ನನಗೂ ಇಂಜೆಕ್ಷನ್ ಆಯಿತು, ಬಿಸಿಯ ಹೊತ್ತು ಹೆಚ್ಚಿತು. ನಡುವಿನ ಪರದೆಯನ್ನು ಸರಿಸಿಬಿಟ್ಟೆವು. ಗುಲಾಬಿಯಕ್ಕ ಪಕ್ಕದ ಮಂಚದಿಂದ ನನ್ನ ಉಸಿರು ನೋಡುತ್ತಿದ್ದರು. "ತೆರೆ ಬಂತು" ಎಂದರೆ ನಾನು ಉಸಿರು ಬಿಡುವುದು, ಶ್ರುತಿ ಕೈಯನ್ನು ಒಂದು ನೂಲಿನಷ್ಟು ಎತ್ತುವುದು. "ಹೋಯ್ತು" ಎಂದರೆ ನಾನು ಉಸಿರು ಎಳೆದುಕೊಳ್ಳುವುದು, ಶ್ರುತಿ ಅಲ್ಲೇ ಹಿಡಿದು ನಿಲ್ಲುವುದು. ಉಸಿರು ಬಿಡುವಾಗ ಎಳೆಯಬೇಕೆಂಬುದು ತನ್ನ ಪಾಠದಲ್ಲೂ ಇದೆ ಎಂದು ಶ್ರುತಿ ನಕ್ಕಳು. ಇರಬಹುದು. ಆದರೆ ಪಾಠದಲ್ಲಿ ಸಮುದ್ರ ಇರಲಿಕ್ಕಿಲ್ಲ. ನಾನು ಕಣ್ಣು ಮುಚ್ಚಿದರೆ ದಡದಲ್ಲಿ ಸಾಲಾಗಿ ನಿಂತ ಜನ ಕಾಣುತ್ತಿದ್ದರು, ಹಗ್ಗದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಹೆಗಲೊಳಗೆ. ಯಾವುದೋ ಭಾರವಾದದ್ದು ನಿಧಾನವಾಗಿ ದಡಕ್ಕೆ ಬರುತ್ತಿತ್ತು.

ನೋವು ಇಲ್ಲವೇ ಇಲ್ಲ ಎಂದಾಗಲಿಲ್ಲ. ಎಂಟು ಆರಾಯಿತು, ಆರು ಎಷ್ಟೋ ವಾರ ಆರಾಗಿಯೇ ಉಳಿಯಿತು. ಆದರೆ ಹೇಳಿಕೊಂಡ ಆರು ಅಡಗಿಸಿದ ನಾಲ್ಕಕ್ಕಿಂತ ಹಗುರ ಎಂದು ನನಗೆ ಗೊತ್ತಾಯಿತು. ಜೂನಿನಲ್ಲಿ ಶಾಲೆ ಶುರುವಾದಾಗ ಕೈ ಪೂರ್ತಿ ಬಂದಿರಲಿಲ್ಲ. ಹೆಡ್‌ಮಾಸ್ಟರ ಹತ್ತಿರ ಹೋಗಿ, ನೋವು ಐದು ಉಂಟು, ಕಡಿಮೆಯಾಗುತ್ತಿದೆ, ಒಂದು ತಿಂಗಳು ಕೊಡಿ ಎಂದೆ. ಕೊಟ್ಟರು. ಕೇಳಿದರೆ ಕೊಡುತ್ತಾರೆಂದು ನನಗೆ ಅಷ್ಟು ವರ್ಷ ತಿಳಿದಿರಲಿಲ್ಲ. ಜುಲೈ ಕೊನೆಗೆ, ಆಟಿ ತಿಂಗಳ ಒಂದು ಮಳೆಯ ಬೆಳಿಗ್ಗೆ ದಿನಾಂಕ ತನ್ನ ಹಳೆಯ ಮೂಲೆಗೆ ಹೋಗಿ ಕುಳಿತಿತು. ಮಕ್ಕಳಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಗುಲಾಬಿಯಕ್ಕನ ಕೈ ನನಗಿಂತ ಮೊದಲೇ ಬುಟ್ಟಿಯ ಅಂಚು ಮುಟ್ಟಿತ್ತು. ಈಗಲೂ ವಾರಕ್ಕೆರಡು ಸಲ ಬರುತ್ತಾರೆ. ಬಂಗುಡೆಗೆ ಹೇಳುವ ರೇಟಿನಲ್ಲಿ ಮಾತ್ರ ಸ್ನೇಹದ ಗುರುತು ಎಲ್ಲೂ ಕಾಣುವುದಿಲ್ಲ.

ಹೀಗೆಲ್ಲ ಸ್ಟೂಲಿನ ಮೇಲೆ ನಿಂತು ಮೊನ್ನೆ ನೆನೆದೆ. ಒಂದು ಹೆಗಲಿಗೆ ಬಂದದ್ದು ಕೆಲವರಿಗೆ ವರ್ಷಗಳ ಮೇಲೆ ಇನ್ನೊಂದಕ್ಕೂ ಬರುತ್ತದೆ ಎಂದು ಶ್ರುತಿ ಅಂದೇ ಎಚ್ಚರಿಸಿದ್ದಳು. ಸೋಮವಾರ ಮಾಳಿಗೆ ಹತ್ತಿದೆ. ಅವಳು ಕೇಳುವ ಮೊದಲೇ "ಏಳು" ಎಂದೆ. "ಪರವಾಗಿಲ್ಲ ಮೇಡಂ, ಪಾಸಾದ್ರಿ" ಎಂದಳು.

ಆಮೇಲೆ ಬಂದದ್ದು ಶುಕ್ರವಾರ. ಮಧ್ಯಾಹ್ನ ಊಟ ಮುಗಿಸಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹಗ್ಗ ಎಳೆಯುತ್ತಿದ್ದೆ. ಫೋನು ಬಂತು. ಸ್ಪೀಕರಿಗೆ ಹಾಕಿ ಮಡಿಲಲ್ಲಿಟ್ಟುಕೊಂಡೆ.

"ಹೇಗಿದ್ದಿ?" ಎಂದರು.

ಬಾಯಿ ತುದಿಯವರೆಗೆ ಆ ಎರಡು ಶಬ್ದ ಬಂದವು. ಉಸಿರು ಬಿಟ್ಟೆ.

"ಎಡಗೈಗೂ ಶುರುವಾಗಿದೆ. ಹತ್ತರಲ್ಲಿ ಏಳು."

ಮಸ್ಕತ್ತಿನ ಅವರ ಕೋಣೆಯ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

"ಹತ್ತರಲ್ಲಿ ಅಂದ್ರೆ?" ಎಂದರು.

ಹೇಳಿದೆ. ಶ್ರುತಿ, ಗುಲಾಬಿಯಕ್ಕ, ನಾನು ಕಣ್ಣು ಕತ್ತಲೆ ಬಂದು ಬಿದ್ದದ್ದು, ನಾಲ್ಕು ವರ್ಷದ ಹಿಂದೆ ಹೇಳಬೇಕಾಗಿದ್ದ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ, "ನನ್ನ ಮೊಣಕಾಲು" ಎಂದರು. "ಏಣಿ ಹತ್ತುವಾಗ. ಎರಡು ವರ್ಷ ಆಯ್ತು. ಒಂದು ಮೂರು ಇರಬಹುದು."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಮೂರಂತೆ! ಆ ಮೂರು ಎಂಥದ್ದೆಂದು ನನಗಲ್ಲದೆ ಬೇರೆ ಯಾರಿಗೆ ಗೊತ್ತಾಗಬೇಕು?

"ಸರಿಯಾಗಿ ಹೇಳಿ" ಎಂದೆ.

"ಐದು."

"ಐದಕ್ಕೆ ನಾನು ತೆಗೆದುಕೊಳ್ಳುದಿಲ್ಲ."

ಅವರು ನಕ್ಕರು. ನಗು ಅರ್ಧದಲ್ಲಿ ಬೇರೆ ಏನೋ ಆಯಿತು. ನಾನು ಹಗ್ಗವನ್ನು ಎಳೆಯಲಿಲ್ಲ, ಬಿಡಲೂ ಇಲ್ಲ. ಹಿಡಿದುಕೊಂಡು ಸುಮ್ಮನೆ ಕುಳಿತೆ. ಅತ್ತಲಿಂದ ಒಂದು ದೀರ್ಘ ಉಸಿರು ಹೊರಬಂತು.

"ಎಂಟು" ಎಂದರು ನಮ್ಮವರು.